ಹಗೇವು ಮುಚ್ಚಿದ ಸಂಜೆ

ಪುಟ್ಟರಾಜು ಸಣ್ಣಸ್ವಾಮಿಯ ತಲೆಗೂದಲನ್ನು ಮುಷ್ಟಿಯಲ್ಲಿ ಹಿಡಿದು, ಅರ್ಧ ಕಟ್ಟಿದ್ದ ಚಟ್ಟದ ಬಿದಿರಿಗೆ ಅವನ ಮುಖವನ್ನು ಎರಡನೆಯ ಸಲ ಬಡಿದ. ಮೊದಲನೆಯ ಏಟಿಗೇ ತುಟಿಯ ನಿನ್ನೆಯ ಗಾಯ ಒಡೆದುಕೊಂಡಿತ್ತು. ಎರಡನೆಯದಕ್ಕೆ ಮೂಗಿನಿಂದ ಇಳಿದ ರಕ್ತ ಹಸಿ ಬಿದಿರಿನ ಮೇಲೆ ಹರಿಯಿತು. ಹಗ್ಗ ಬಿಗಿಯುತ್ತಿದ್ದವರು ಹಗ್ಗ ಬಿಟ್ಟು ಎದ್ದರು. ತಮಟೆಯವನು ಎತ್ತಿದ ಕೋಲನ್ನು ಮೆಲ್ಲಗೆ ಇಳಿಸಿದ.

“ಬೊಗಳ್ಲಾ. ನಮ್ಮ ಭಾವನ್ನ ಗುಂಡಿಗೆ ತಳ್ಳಿದ್ದು ನೀನೇ ತಾನೆ?”

ಸಣ್ಣಸ್ವಾಮಿ ಏನೋ ಹೇಳಲು ಹೋದ. ನಿನ್ನೆ ಬೆಳಿಗ್ಗೆಯಿಂದ ಅವನ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ನೋಡಿದವರಿಗೆಲ್ಲ ಅದು ಕೊಂದವನ ಕಣ್ಣಿನ ಹಾಗೆಯೇ ಕಂಡಿತ್ತು.

ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಕೆಂಪಣ್ಣನ ಹೆಣದ ಪಕ್ಕದಿಂದ ನಿಂಗಮ್ಮ ಎದ್ದು ಬಂದಳು. ಹೋದವನು ಅವಳ ಗಂಡ. ಏಟು ತಿನ್ನುತ್ತಿದ್ದವನು ಗಂಡನ ತಮ್ಮ, ಹೊಡೆಯುತ್ತಿದ್ದವನು ಅವಳ ಸ್ವಂತ ತಮ್ಮ.

“ಬಿಡೋ ಪುಟ್ಟ. ನಾನು ಅಲ್ಲೇ ಇದ್ದೆ. ಇವನು ತಳ್ಳಿಲ್ಲ. ಒಳಗೆ ಕೆಟ್ಟ ಗಾಳಿ ಇತ್ತು.”

“ಯಾವ ಗಾಳಿ ಅಕ್ಕ? ಮೊನ್ನೆ ಮಧ್ಯಾಹ್ನ ನಾನೇ ಆ ಹಗೇವಿನ ಗುಂಡಿಗೆ ಇಳಿದು ಒಂದು ಮೂಟೆ ರಾಗಿ ತುಂಬಿಸ್ಕಂಡು ಹೋಗಿಲ್ವಾ? ಒಳಗೆ ಕೂತು ಬೀಡಿ ಹಚ್ಚಿದ್ದೆ. ಬೀಡಿ ಉರೀತು, ನಾನೂ ಬದುಕಿದ್ದೀನಿ. ಮೂರು ದಿನದಿಂದ ಬಾಯಿ ತೆಗೆದಿರೋ ಹಗೇವಲ್ಲಿ ರಾತ್ರೋರಾತ್ರಿ ಗಾಳಿ ಕೆಡುತ್ತಾ? ನೀವೇ ಹೇಳಿ ಪಟೇಲ್ರೆ.”

ಪಟೇಲ ಜವರಪ್ಪ ಶನಿವಾರಸಂತೆ ಕಡೆಯ ಹಳೆಯ ಶೈವ ಮನೆತನದವನು. ರಾಗಿ ವ್ಯಾಪಾರದಲ್ಲೇ ತಲೆ ನೆರೆತವನು. ಬಾಯಿ ತೆರೆದ ಹಗೇವಲ್ಲಿ ಗಾಳಿ ಕೆಟ್ಟದ್ದನ್ನು ಅವನೂ ಕಂಡಿರಲಿಲ್ಲ. ಅಂಗಳದಲ್ಲಿದ್ದವರು ತಮ್ಮತಮ್ಮಲ್ಲೇ ಲೆಕ್ಕ ಹಾಕಿದರು. ಹೋದ ವಾರ ಭಾಗದ ಜಗಳದಲ್ಲಿ ಕೆಂಪಣ್ಣ ತಮ್ಮನಿಗೆ ಬಾರುಕೋಲು ಮುರಿಯುವ ಹಾಗೆ ಹೊಡೆದಿದ್ದ. ಹೋಟೆಲಿನ ಮುಂದೆ ಸಣ್ಣಸ್ವಾಮಿ, “ಇವನನ್ನ ಮಣ್ಣಿಗೆ ಹಾಕದಿದ್ರೆ ನಾನು ನಮ್ಮಪ್ಪನ ಮಗನಲ್ಲ” ಅಂದಿದ್ದ. ಅಣ್ಣನ ತಲೆ ಒಡೆದಿದೆ, ತಮ್ಮನ ಮುಖ ಊದಿದೆ. ಇನ್ನೇನು ಬೇಕು? ನಿನ್ನೆ ಬಂದ ಪೊಲೀಸ್ ದಫೇದಾರ ಹಗೇವಿನೊಳಗೆ ಇಣುಕಿ, ‘ಕಾಲು ಜಾರಿ ಬಿದ್ದದ್ದು’ ಎಂದು ಬರೆದುಕೊಂಡು ಮಜ್ಜಿಗೆ ಕುಡಿದು ಹೋಗಿದ್ದ. ಮಡಿಕೇರಿಯಲ್ಲಿ ಕೊಡಗಿನವರೇ ಮಂತ್ರಿಗಳಾಗಿ ಕೂತು ಒಂದು ವರ್ಷವಾಗಿತ್ತು. ಈ ದಿಣ್ಣೆಗೆ ಮಾತ್ರ ಸರ್ಕಾರ ಅಂದರೆ ಇನ್ನೂ ಆ ದಫೇದಾರನೇ.

ಪುಟ್ಟರಾಜು ಸೊಂಟದಿಂದ ಮಚ್ಚು ಎಳೆದ.

“ಸರಿ ಕಣ್ಲಾ. ಗಾಳಿಯೇ ಕೊಂದದ್ದು ಅಂತಾಳಲ್ಲ ಅಕ್ಕ, ಈಗ ನೀನು ಇಳಿ. ಕೊಲ್ಲೋ ಗಾಳಿಯಾದ್ರೆ ಕೊಲ್ಲಲಿ. ಸಾಯದೆ ಮೇಲೆ ಬಂದ್ಯೋ, ನೀನು ಸುಳ್ಳ. ಹಗೇವಿನ ಬಾಯಲ್ಲೇ ಕತ್ತರಿಸ್ತೀನಿ.”

ಹಗೇವು ನಿನ್ನೆಯಿಡೀ, ರಾತ್ರಿಯಿಡೀ ಬಯಲಿಗೆ ತೆರೆದುಕೊಂಡಿತ್ತು. ಕೆಟ್ಟದ್ದೆಲ್ಲ ಹೋಗಿರುತ್ತದೆ. ಇಳಿದರೆ ಸಣ್ಣಸ್ವಾಮಿ ಬದುಕುತ್ತಾನೆ, ಬದುಕಿದ್ದಕ್ಕೇ ಸಾಯುತ್ತಾನೆ. ಅದು ಅಲ್ಲಿ ನಿಂಗಮ್ಮನೊಬ್ಬಳಿಗೇ ಗೊತ್ತಿತ್ತು. ಇನ್ನೊಂದು ವಿಷಯವೂ ಅವಳೊಬ್ಬಳಿಗೇ ಗೊತ್ತಿತ್ತು.

“ಹೆಣ ಹೊರಗಿಟ್ಕಂಡು ಇನ್ನೊಂದು ಹೆಣ ಕೆಡವ್ತೀಯಾ?” ಜವರಪ್ಪ ಕೋಲು ಊರಿ ಮಧ್ಯಕ್ಕೆ ಬಂದ. “ಮೊದಲು ಕೆಂಪಣ್ಣ ಮಣ್ಣಾಗ್ಲಿ. ಅಲ್ಲೀವರೆಗೆ ಇವನನ್ನ ಕಟ್ಟಿಹಾಕಿಕೊ. ಆಮೇಲೆ ನಾನು ಕೇಳಲ್ಲ.”

ಚಟ್ಟಕ್ಕೆ ತಂದ ಹಗ್ಗದಲ್ಲೇ ಸಣ್ಣಸ್ವಾಮಿಯನ್ನು ಗಾಡಿಯ ಚಕ್ರಕ್ಕೆ ಕಟ್ಟಿದರು. ಮಣ್ಣಿಗೆ ಇನ್ನು ಎರಡು ತಾಸು.

*

ಕೆಂಪಣ್ಣ ಅರಕಲಗೂಡಿನ ಆಚೆಯಿಂದ ಬಂದವನು. ತಾಯಿ ಹುಚ್ಚಮ್ಮನನ್ನು, ತಮ್ಮನನ್ನು, ಹೊಸದಾಗಿ ಕೈಹಿಡಿದ ಹೆಂಡತಿಯನ್ನು ಒಂದೇ ಗಾಡಿಗೆ ಹೇರಿಕೊಂಡು ಕುಶಾಲನಗರದ ಹತ್ತಿರದ ಈ ದಿಣ್ಣೆಗೆ ಬಂದಾಗ ಇಲ್ಲಿ ಲಂಟಾನದ ಪೊದೆ ಬಿಟ್ಟರೆ ಏನೂ ಇರಲಿಲ್ಲ. ಕಡಿದ, ಸುಟ್ಟ, ಅಗೆದ. ಮಾತಾಡಬೇಕಾದ ಕಡೆಯೂ ಅವನಿಗೆ ಕೈಯೇ ಮೊದಲು ಬರುತ್ತಿತ್ತು. ಏಳದ ಎತ್ತಿಗೆ ಹೊಡೆದ, ಗಡಿ ಒತ್ತಿದ ಪಕ್ಕದವನಿಗೆ ಹೊಡೆದ, ತಮ್ಮನಿಗೆ ಹೊಡೆದ, ಹೆಂಡತಿಗೂ ಹೊಡೆದ. ಹೊಡೆದ ಎತ್ತಿನ ಗೊರಸಿಗೆ ಹುಳ ಬಿದ್ದಾಗ ಇಡೀ ದಿನ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹುಳ ಹೆಕ್ಕಿದವನೂ ಅವನೇ. ನಿಂಗಮ್ಮನಿಗೆ ಕೂಸು ಸತ್ತು ಹುಟ್ಟಿದ ದಿನ ಒಂದು ಮಾತೂ ಆಡದೆ ಹೊಳೆಗೆ ಹೋಗಿ, ಕತ್ತಿನವರೆಗೆ ನೀರಲ್ಲಿ ನಿಂತು ಮೀನು ಹಿಡಿದು ತಂದು, ತಾನೇ ಸಾರು ಮಾಡಿ ಅವಳ ಮುಂದಿಟ್ಟಿದ್ದ. ಅವಳಿಗೆ ತಿನ್ನಲಾಗಲಿಲ್ಲ. ಅವನು ಆ ತಟ್ಟೆಯನ್ನು ಗೋಡೆಗೆ ಬೀಸಿ ಹೊರಗೆ ಹೋಗಿ ಕೂತ. ಬೆಳಗಿನವರೆಗೂ ಒಳಗೆ ಬರಲಿಲ್ಲ.

ಅವನ ಊರಲ್ಲಿ ಉಳ್ಳವರ ಮನೆಗೆಲ್ಲ ಹಗೇವು ಇರುತ್ತಿತ್ತು. ನೆಲದಲ್ಲಿ ಗಡಿಗೆಯ ಆಕಾರಕ್ಕೆ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ. ಇಲ್ಲಿಗೆ ಬಂದ ಮೂರನೆಯ ವರ್ಷ ಅವನೂ ತೋಡಿದ. ಆಗಲೇ ಜವರಪ್ಪ ಹೇಳಿದ್ದ: “ನಿಮ್ಮೂರ ನೆಲ ಒಣಗಿರುತ್ತೆ ಮಾರಾಯ. ಈ ನೆಲ ಬೆವರುತ್ತೆ. ಇಲ್ಲಿಯವರ ಹಾಗೆ ಕಾಳಿಗೆ ಮರದ ಪತ್ತಾಯ ಮಾಡಿಸು.” ಕೆಂಪಣ್ಣ ಕೇಳಲಿಲ್ಲ. ದಿಣ್ಣೆಯ ನೆತ್ತಿಯಲ್ಲಿ ಒಂದೂವರೆ ಆಳು ಆಳಕ್ಕೆ ಇಳಿದು, ಒಳಗೆ ಬೆಂಕಿ ಹಾಕಿ ಗೋಡೆ ಸುಟ್ಟು, ಹಗೇವು ಮಾಡಿಯೇ ಬಿಟ್ಟ.

ಅದನ್ನು ತೆಗೆಯುವಾಗ ಅವನ ಶಿಸ್ತೇ ಬೇರೆ. ಚಪ್ಪಡಿ ಸರಿಸಿ ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಲಾಟೀನನ್ನು ಹಗ್ಗಕ್ಕೆ ಕಟ್ಟಿ ರಾಗಿಗೆ ತಾಗುವ ತನಕ ಇಳಿಸಬೇಕು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ತೆಗೆದ ಮೇಲೆ ಖಾಲಿಯಾಗುವ ತನಕ ಮುಚ್ಚಕೂಡದು. ಮಳೆ ಬಂದರೆ ಮೇಲೆ ಹುಲ್ಲಿನ ತಡಿಕೆ ನಿಲ್ಲಿಸಬೇಕು ಅಷ್ಟೆ. ಹಿಂದಿನ ವರ್ಷ ನಾಲ್ಕು ಹನಿ ಬಿದ್ದಾಗ ನಿಂಗಮ್ಮ ಚಪ್ಪಡಿಯನ್ನು ಅರ್ಧ ಎಳೆದಿದ್ದಳು. ಅವನು ನೋಡಿದ. ಎತ್ತು ಕಟ್ಟುವ ಹಗ್ಗದಲ್ಲಿ ಹೊಡೆದ. “ಮುಚ್ಚಬ್ಯಾಡ ಅಂದ್ರೆ ಮುಚ್ಚಬ್ಯಾಡ.” ಎರಡು ದಿನ ಅವಳಿಗೆ ತೋಳು ಎತ್ತಲಾಗಲಿಲ್ಲ. ಯಾಕೆ ಮುಚ್ಚಬಾರದು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಲಕ್ಷ್ಮಿಯನ್ನು ಒಳಗೆ ಕೂಡಿಹಾಕಬಾರದು ಎಂದೇನೋ ಇರಬೇಕು ಅಂದುಕೊಂಡಳು.

ಮೊನ್ನೆ ಅಣ್ಣತಮ್ಮಂದಿರಿಬ್ಬರೂ ಗಾಡಿ ಹೂಡಿ ಕುಶಾಲನಗರಕ್ಕೆ ರಾಗಿ ಹಾಕಿಬರಲು ಹೋಗಿದ್ದರು. ಮಾತು ಬಿಟ್ಟಿದ್ದರೂ ಕೆಲಸ ಬಿಡುವ ಹಾಗಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಗಾಳಿ ಎದ್ದಿತು. ಹುಲ್ಲಿನ ತಡಿಕೆ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಹಿಂದೆಯೇ ಮಳೆ. ಅಂಗಳದ ಕೆಂಪು ನೀರೆಲ್ಲ ಹಗೇವಿನ ಕಡೆಗೇ ತಿರುಗಿತು. ಒಳಗೆ ಮನೆಯ ಇಡೀ ವರ್ಷದ ಊಟ. ನಿಂಗಮ್ಮ ಹಾರೆ ಹಾಕಿ ಮೀಟಿ ಮೀಟಿ ಚಪ್ಪಡಿಯನ್ನು ಬಾಯಿಗೆ ತಂದು ಕೂರಿಸಿದಳು, ಸುತ್ತ ಸೆಗಣಿ ಬೆರೆಸಿದ ಜೇಡಿ ಮೆತ್ತಿದಳು. ಅಷ್ಟರಲ್ಲಿ ಎರಡು ಕೊಡದಷ್ಟು ನೀರು ಒಳಗೆ ಹೋಗಿಯಾಗಿತ್ತು.

ಗಂಡಸರು ತಡವಾಗಿ ಬಂದರು, ಕುಡಿದು ಬಂದರು, ಬಿದ್ದುಕೊಂಡರು. ಬೆಳಗಿನ ಕೋಳಿ ಕೂಗುವ ಹೊತ್ತಿಗೆ ಅವಳು ಎದ್ದು ಹೋಗಿ ಜೇಡಿ ಕೆರೆದು, ಚಪ್ಪಡಿ ಸರಿಸಿ, ತಡಿಕೆಯನ್ನು ಮೊದಲಿದ್ದ ಹಾಗೆಯೇ ನಿಲ್ಲಿಸಿದಳು. ಕೈ ತೊಳೆದುಕೊಂಡು ಬಂದು ಒಲೆ ಹಚ್ಚಿದಳು. ಈ ಸಲ ಹೊಡೆತ ತಪ್ಪಿತು ಅಂದುಕೊಂಡಳು.

*

“ಬಿಸಿನೀರು ತನ್ನಿ” ಎಂದ ಜವರಪ್ಪ.

ಹೆಣವನ್ನು ಅಂಗಳದ ಕಲ್ಲಿನ ಮೇಲೆ ಮಲಗಿಸಿದರು. ಹೆಂಡತಿಯ ತಮ್ಮನೆಂದು ಪುಟ್ಟರಾಜುವೇ ಮೈ ಉಜ್ಜಲು ಕೂತ. ಮಚ್ಚನ್ನು ಬಲಗಡೆ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದ. ನಿಂಗಮ್ಮ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದಳು. ಅವಳ ಅತ್ತೆ ಹುಚ್ಚಮ್ಮ ಮಗನ ಕಾಲ ಹತ್ತಿರ ಕೂತು, ಕಾಲಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ಚಕ್ರಕ್ಕೆ ಕಟ್ಟಿದ ಕಿರಿಯ ಮಗನ ಕಡೆಗೆ ಮುದುಕಿ ಒಂದು ಸಲವೂ ತಿರುಗಿರಲಿಲ್ಲ.

“ನಮ್ಮಕ್ಕನಿಗೆ ಇವನು ಹೊಡೀತಿದ್ದಾಗೆಲ್ಲ ಇವನ ಕೈ ಮುರೀಬೇಕು ಅನ್ನಿಸ್ತಿತ್ತು” ಎಂದ ಪುಟ್ಟರಾಜು, ಹೆಣದ ತೋಳು ಉಜ್ಜುತ್ತಾ. “ಆದ್ರೂ ಹೊಳೆ ಸಾಲಲ್ಲಿ ಪೊಲೀಸರು ಅಟ್ಟಿಸ್ಕಂಡು ಬಂದಾಗ ಈ ಕೈಯೇ ನನ್ನನ್ನ ಒಳಗೆ ಎಳ್ಕಂಡು ಬಾಗಿಲು ಹಾಕಿದ್ದು.”

ನೆಲ್ಯಹುದಿಕೇರಿಯ ಹೊಳೆದಂಡೆಯ ಬಿದಿರುಮೆಳೆಯಲ್ಲಿ ಪುಟ್ಟರಾಜು ಭಟ್ಟಿ ಇಳಿಸುತ್ತಿದ್ದ. ಎಸ್ಟೇಟಿನ ಕೂಲಿ ಲೈನುಗಳಿಗೆಲ್ಲ ಅವನದೇ ಸಾರಾಯಿ. ಅದು ಊರಿಗೆಲ್ಲ ಗೊತ್ತು, ಪಟೇಲನಿಗೂ ಗೊತ್ತು.

ಬಲಗೈ ತೊಳೆದಾಯಿತು. ಎಡಗೈಯ ಮುಷ್ಟಿ ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ. ಪುಟ್ಟರಾಜು ಬೆರಳುಗಳನ್ನು ಒಂದೊಂದಾಗಿ ಎತ್ತಿದ. ಗೆಣ್ಣು ಲಟಕ್ಕೆಂದಿತು. ಒಳಗೆ ಒಂದು ಹಿಡಿ ರಾಗಿ, ಮುದ್ದೆಯಾಗಿ, ಬಿಳಿಯ ಮೊಳಕೆ ಇಣುಕುತ್ತಿದ್ದ ರಾಗಿ.

ಪುಟ್ಟರಾಜುವಿನ ಕೈ ನಿಂತಿತು. ಮೂಗಿನ ಹತ್ತಿರ ತಂದು ಮೂಸಿದ. ಇನ್ನೊಂದು ಸಲ ಮೂಸಿದ.

*

ನಿನ್ನೆ ಬೆಳಿಗ್ಗೆ ಎಂದಿನಂತೆ ಸಣ್ಣಸ್ವಾಮಿಯೇ ಮೊದಲು ಇಳಿದ. ತೆರೆದು ಮೂರು ದಿನವಾದ ಹಗೇವಿಗೆ ಲಾಟೀನು ಇಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಕೆಂಪಣ್ಣ ಮೇಲೆ ಹಗ್ಗ ಹಿಡಿದಿದ್ದ. ನಿಂಗಮ್ಮ ಮೂಟೆಯ ಬಾಯಿ ಅಗಲಿಸಿ ನಿಂತಿದ್ದಳು.

ಸಣ್ಣಸ್ವಾಮಿ ಮಂಕರಿ ಬುಟ್ಟಿಯನ್ನು ರಾಗಿಗೆ ಇಕ್ಕಿದ. “ಅಣ್ಣ” ಎಂದ. ಎಂಟು ದಿನದಲ್ಲಿ ಅದೇ ಮೊದಲ ಮಾತು. ಮಂಡಿ ಮಡಿಸಿಕೊಂಡು ಹಾಗೆಯೇ ಕುಸಿದ.

ಕೆಂಪಣ್ಣ ಕೆಳಗೆ ನೋಡಿದ. ಆಮೇಲೆ ಬಾಯಿಯ ಅಂಚು ನೋಡಿದ. ಕೆರೆದು ಉಳಿದ ಜೇಡಿ ಇನ್ನೂ ಹಸಿಯಾಗಿತ್ತು. ತಲೆಯೆತ್ತಿ ನಿಂಗಮ್ಮನನ್ನು ನೋಡಿದ. ಆ ನೋಟ ಮುಗಿದ ಮೇಲೆ ಏಟು ಬೀಳುತ್ತದೆಂದು ಅವಳ ಮೈ ತಾನಾಗಿ ಕುಗ್ಗಿತು. ಏಟು ಬೀಳಲಿಲ್ಲ. ಅವನು ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಮುಚ್ಚಿ, ಹಗ್ಗದ ಒಂದು ತುದಿಯನ್ನು ಅವಳ ಕೈಗೆ ತುರುಕಿ, ಇನ್ನೊಂದನ್ನು ಹಿಡಿದು ಒಳಗೆ ಹಾರಿದ.

ತಮ್ಮನ ಕೆನ್ನೆಗೆ ಎರಡು ಬಿಗಿದ. ತುಟಿ ಸೀಳಿತು, ಎಚ್ಚರ ಬರಲಿಲ್ಲ. ಕಂಕುಳಿಗೆ ಹಗ್ಗ ಬಿಗಿದು, ಕೈಸನ್ನೆ ಮಾಡಿ, ಕೆಳಗಿನಿಂದ ತಲೆಯಲ್ಲಿ ಒತ್ತಿ ಎತ್ತಿದ. ನಿಂಗಮ್ಮ ಎಳೆದಳು. ಸಣ್ಣಸ್ವಾಮಿಯ ಮುಖ ಅಂಚಿನ ಕಲ್ಲಿಗೆ ಉಜ್ಜಿಕೊಂಡು ಮೇಲೆ ಬಂತು. ಅವಳು ಗಂಟು ಬಿಚ್ಚಿ ಹಗ್ಗವನ್ನು ಮತ್ತೆ ಇಳಿಸುವ ಹೊತ್ತಿಗೆ ಕೆಂಪಣ್ಣನ ಕತ್ತಿನ ನರಗಳೆಲ್ಲ ಎದ್ದಿದ್ದವು, ಮುಖ ಕಪ್ಪಾಗಿತ್ತು. ಹಗ್ಗದ ತುದಿ ಅವನ ಭುಜಕ್ಕೆ ತಾಗಿತು. ಅಷ್ಟೂ ಹೊತ್ತು ಬಿಗಿಹಿಡಿದಿದ್ದ ಬಾಯಿ ಆಗ ತಾನಾಗಿ ತೆರೆದುಕೊಂಡಿತು. ಎರಡು ಸಲ ಉಸಿರು ಎಳೆದುಕೊಂಡ. ರಾಗಿಯ ಮೇಲೆ ಬಿದ್ದು ಕೈಯಲ್ಲಿ ಪರಚಿದ.

ಅವಳು ಕೂಗಿದ್ದಕ್ಕೆ ಹೊಲದಿಂದ ಓಡಿಬಂದವರು ಬಾವಿಗೆ ಬಿಡುವ ಪಾತಾಳಗರಡಿಯ ಕೊಕ್ಕೆ ಹಾಕಿ ಕೆಂಪಣ್ಣನನ್ನು ಎತ್ತಿದರು. ಎತ್ತುವಾಗ ತಲೆ ಕಲ್ಲಿಗೆ ಬಡಿದು ಒಡೆಯಿತು.

*

“ಇದು ಕೊಳೆ ವಾಸನೆ” ಎಂದ ಪುಟ್ಟರಾಜು. “ನಾನು ಬೆಲ್ಲ ಕೊಳೆಹಾಕೋ ಗಡಿಗೆ ವಾಸನೆ. ಮೊನ್ನೆ ನಾನು ಇಳಿದಾಗ ಇದು ಇರ್ಲಿಲ್ಲ.”

ಜವರಪ್ಪ ಬಾಗಿ ಒಂದು ಚಿಟಿಕೆ ತೆಗೆದುಕೊಂಡು ಮೂಸಿದ. “ನೀರು ಬಿದ್ದಿದೆ. ಧಾನ್ಯ ಸತ್ತದ್ದಲ್ಲ ಕಣಪ್ಪ, ಅದೂ ಉಸಿರಾಡುತ್ತೆ. ಒಣಗಿದ್ರೆ ಮೆಲ್ಲಗೆ, ಒದ್ದೆಯಾದ್ರೆ ಓಡಿ ಬಂದವರ ಹಾಗೆ. ತನ್ನೊಳಗಿನ ಸಿಹಿ ತಾನೇ ತಿಂದು ಬಿಸಿಯಾಗುತ್ತೆ. ನಮ್ಮ ಕಣಜದಲ್ಲಿ ಕೈ ಇಟ್ರೆ ಸುಡೋದು ಅದಕ್ಕೇ.”

“ಅದು ಗಾಳಿ ಇರೋವರೆಗೆ” ಎಂದ ಪುಟ್ಟರಾಜು. ತನಗೆ ಗೊತ್ತಿದ್ದ ಕಸುಬಿನ ಮಾತು ಬಂದದ್ದರಿಂದ ದನಿ ತಗ್ಗಿತ್ತು. “ಗಾಳಿಯೆಲ್ಲ ತಿಂದು ಮುಗಿಸಿದ ಮೇಲೂ ಸಿಹಿ ಮುರಿಯೋದು ನಿಲ್ಲಲ್ಲ ಪಟೇಲ್ರೆ. ಆಗ ಹುಳೀತದೆ, ಹೆಂಡ ಆಗ್ತದೆ. ಬೆಲ್ಲದ ಗಡಿಗೆ ಬಾಯಿ ಕಟ್ಟಿ ಮಣ್ಣು ಮೆತ್ತೋದು ಇನ್ಯಾಕೆ? ಬಿಚ್ಚಿದ ಕೂಡ್ಲೆ ಕಡ್ಡಿ ಗೀರಿ ಒಳಗೆ ಹಿಡಿದ್ರೆ ಪಕ್ಕಂತ ಆರ್ತದೆ. ಅಲ್ಲಿರೋದು ಗಾಳಿ ಹಾಗಿರುತ್ತೆ, ಗಾಳಿ ಅಲ್ಲ. ಭಾರ ಅದು, ತಳದಲ್ಲೇ ಕೂತಿರುತ್ತೆ.”

ಹೇಳುತ್ತಾ ಹೇಳುತ್ತಾ ಅವನಿಗೇ ಹೊಳೆಯಿತು. ಮಚ್ಚು ಕೈಗೆ ಬಂತು. ಎದ್ದ.

“ಹಂಗಾದ್ರೆ ಯಾರೋ ಮುಚ್ಚಿದ್ರು. ರಾತ್ರಿ ಮುಚ್ಚಿ, ಬೆಳಿಗ್ಗೆ ತೆಗೆದಿಟ್ರು. ನೀನು ತಳ್ಳಿಲ್ಲ ಕಣ್ಲಾ. ತಳ್ಳೋದು ಗಂಡಸಿನ ಕೆಲ್ಸ. ನೀನು ವಿಷ ಇಟ್ಟೆ.”

ಚಕ್ರದ ಹತ್ತಿರ ನಾಲ್ಕು ಹೆಜ್ಜೆಯಲ್ಲಿ ತಲುಪಿದ. ಸಣ್ಣಸ್ವಾಮಿಯ ಗದ್ದವನ್ನು ಎಡಗೈಯಲ್ಲಿ ಎತ್ತಿ ಕತ್ತನ್ನು ಮಚ್ಚಿಗೆ ಒಡ್ಡಿದ. ಈ ಸಲ ಪಟೇಲನೂ ಕೋಲು ಎತ್ತಲಿಲ್ಲ.

“ನಾನು ಮುಚ್ಚಿದ್ದು” ಎಂದಳು ನಿಂಗಮ್ಮ.

ಚೊಂಬು ಅವಳ ಕೈಯಲ್ಲೇ ಇತ್ತು. ನೀರು ಸುರಿಯುತ್ತಲೇ ಇತ್ತು, ಹೆಣದ ಮೇಲಲ್ಲ, ಅವಳ ಕಾಲ ಮೇಲೆ.

“ಅವನನ್ನ ಉಳಿಸೋಕೆ ಹೇಳ್ತಿದೀಯ” ಎಂದ ಪುಟ್ಟರಾಜು.

“ಮಳೆ ಬಂತು. ತಡಿಕೆ ಹಾರಿ ಹೋಯ್ತು. ಹಾರೆ ಹಾಕಿ ಎಳೆದೆ, ಜೇಡಿ ಮೆತ್ತಿದೆ. ಕೋಳಿ ಕೂಗೋವಾಗ ಕೆರೆದು ತೆಗೆದೆ. ಹೋಗಿ ನೋಡು, ಚಪ್ಪಡಿ ಅಡಿ ಜೇಡೀಲಿ ನನ್ನ ಬೆರಳಚ್ಚು ಇದೆ.”

“ಬೆಳಿಗ್ಗೆ ಯಾಕೆ ಬಾಯಿ ಬಿಡ್ಲಿಲ್ಲ?”

“ಹೊಡೀತಾರೆ ಅಂತ.”

ಅಂಗಳದಲ್ಲಿ ಇದ್ದ ಹೆಂಗಸರೆಲ್ಲ ನೆಲ ನೋಡಿದರು. ಹುಚ್ಚಮ್ಮ ಮಗನ ಕಾಲು ಬಿಟ್ಟು ನಿಧಾನವಾಗಿ ಎದ್ದಳು.

“ತೆಗೆದ ಹಗೇವು ಮುಚ್ಚಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವೇನೇ ನಿಂಗಿ? ಇವರಪ್ಪ ಹೋಗಿದ್ದೇ ಹಂಗೆ. ಮುಚ್ಚಿ ತೆಗೆದ ಹಗೇವಿಗೆ ಇಳಿದು. ಹಗ್ಗ ಹಿಡ್ಕಂಡು ನಿಂತಿದ್ದೋನು ಈ ಕೆಂಪಣ್ಣನೇ, ಆಗ ಒಂಬತ್ತು ವರ್ಷದ ಕೂಸು. ಎಳೆದ, ಎಳೆದ. ಹೆಣಭಾರ ಬರ್ಲಿಲ್ಲ.”

“ನಂಗೆ ಯಾರೂ ಹೇಳ್ಲಿಲ್ಲ ಅತ್ತೆ.”

“ಅವನು ಹೇಳಿರ್ತಾನೆ ಅನ್ಕಂಡಿದ್ದೆ.”

“ಅವರು ಹೊಡೆದ್ರು. ಹೇಳ್ಲಿಲ್ಲ.”

ಪುಟ್ಟರಾಜು ಬಂದವನೇ ಮಚ್ಚಿನ ಹಿಡಿಯಿಂದ ಅಕ್ಕನ ದವಡೆಗೆ ಬಿಟ್ಟ. ಅವಳು ಕಲ್ಲಿನ ಪಕ್ಕ ಬಿದ್ದಳು. ಒಂದು ಹಲ್ಲು ರಕ್ತದ ಜೊತೆ ಅಂಗೈಗೆ ಬಂತು. ಅವನು ಇನ್ನೊಂದಕ್ಕೆ ಕೈ ಎತ್ತಿದಾಗ ಗಾಡಿಯ ಕಡೆಯಿಂದ ತೊದಲುವ ದನಿ ಕೇಳಿಸಿತು.

“ಅತ್ಗೆನ ಮುಟ್ಟಬ್ಯಾಡ.” ಸಣ್ಣಸ್ವಾಮಿ ಹಗ್ಗದಲ್ಲಿ ಎಳೆದಾಡಿದ್ದಕ್ಕೆ ಗಾಡಿಯೇ ಒಂದು ಗೇಣು ಮುಂದೆ ಬಂದಿತ್ತು. “ಬಿಚ್ಚು ನನ್ನ. ನಮ್ಮಣ್ಣಂಗೆ ಹೆಗಲು ಕೊಡಬೇಕು.”

ಹುಚ್ಚಮ್ಮ ಸೊಸೆಯ ಮೇಲೆ ಬಾಗಿ ಎರಡೂ ಮುಷ್ಟಿಯಿಂದ ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು. ನಾಲ್ಕನೆಯ ಏಟಿಗೇ ಮುದುಕಿಗೆ ಏದುಸಿರು ಬಂತು. ಬೀಳದಿರಲು ಆ ಬೆನ್ನನ್ನೇ ಹಿಡಿದುಕೊಂಡಳು.

ಪುಟ್ಟರಾಜು ಹೋಗಿ ಹಗ್ಗ ಕತ್ತರಿಸಿದ. “ಇವತ್ತಿಂದ ನಿಂಗೆ ತೌರು ಇಲ್ಲ” ಎಂದ, ಅಕ್ಕನ ಕಡೆ ನೋಡದೆ.

“ಸೀರೆ ಸರಿ ಮಾಡ್ಕಳೇ” ಎಂದಳು ಹುಚ್ಚಮ್ಮ. “ಗುಂಡಿ ತನಕ ನನ್ನ ಕೈ ಹಿಡ್ಕೋ. ನಂಗೆ ಕಣ್ಣು ಕಾಣ್ತಿಲ್ಲ.”

*

ಹೊಲದ ಅಂಚಿನಲ್ಲಿ ಎದೆಯುದ್ದ ತೋಡಿದ್ದರು. ಮೇಲೆ ಬಿಸಿಲು, ಹೊಳೆಯ ಕಡೆಯಿಂದ ಬೀಸುವ ಗಾಳಿ. ಒಡಹುಟ್ಟಿದವನು ಕೆಳಗಿಳಿದು ತಲೆ ಹಿಡಿದು ಇಳಿಸಿಕೊಳ್ಳಬೇಕು, ಅದು ಪದ್ಧತಿ.

ಸಣ್ಣಸ್ವಾಮಿ ಅಂಚಿಗೆ ಬಂದು ನಿಂತ. ಕಾಲು ಮುಂದೆ ಹೋಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಅತ್ತೆಯ ಕೈ ಹಿಡಿದಿದ್ದ ನಿಂಗಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಒಮ್ಮೆ ಅಗಲವಾಯಿತು, ಎದೆ ತುಂಬಿಕೊಂಡಿತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಅವನು ಗುಂಡಿಗೆ ಇಳಿದ.

ಅಣ್ಣನ ತಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಒಡೆದ ಕಡೆ ಮಣ್ಣಿಗೆ ತಾಗದ ಹಾಗೆ ತಿರುಗಿಸಿ ಇಟ್ಟ. ಬಟ್ಟೆ ಎಳೆದು ಮುಚ್ಚಿದ. ಕಾಲು ನೇರ ಮಾಡಿದ. ಯಾವ ಕೆಲಸಕ್ಕೂ ಅವಸರ ಮಾಡಲಿಲ್ಲ. ಅವನ ಮುಖ ಕೆಂಪಾಗಿ, ಆಮೇಲೆ ನೀಲಿಯಾಯಿತು, ಕಣ್ಣುಗಳು ಹೊರಗೆ ಬಂದವು. ಮೂಗಿನ ಗಾಯದಿಂದ ರಕ್ತ ಮತ್ತೆ ಇಳಿಯಿತು.

“ಉಸಿರು ಬಿಡೋ ಮಾರಾಯ” ಎಂದ ಜವರಪ್ಪ. “ಇದು ಹಗೇವಲ್ಲ, ಬಯಲು.”

ಅವನು ಬಿಡಲಿಲ್ಲ. ಪುಟ್ಟರಾಜು ಹೊಟ್ಟೆ ಮೇಲೆ ಮಲಗಿ, ಎರಡು ತೋಳು ಇಳಿಬಿಟ್ಟು, ಅವನ ಕಂಕುಳಿಗೆ ಕೈ ಕೊಟ್ಟು ಮೇಲೆ ಎಳೆದ. ಅಂಚಿನ ಹಸಿ ಮಣ್ಣಿನ ಮೇಲೆ ಮಂಡಿಯೂರಿ ಕೂತ ಮೇಲೂ ಸಣ್ಣಸ್ವಾಮಿಯ ತುಟಿ ಒಂದಕ್ಕೊಂದು ಅಂಟಿಕೊಂಡೇ ಇತ್ತು.

ಗುದ್ದಲಿ ಹಿಡಿದಿದ್ದ ನಾಲ್ವರು ಮಣ್ಣು ಎಳೆಯಲಿಲ್ಲ. ಅವನು ಉಸಿರಾಡಲಿ ಎಂದು ಕಾದು ನಿಂತರು.